ವರ್ತಿಕೆಯ ಕೊಕ್ಕು

ರಟ್ಟಿನ ಪೆಟ್ಟಿಗೆಯ ಮುಚ್ಚಳವನ್ನು ತೆರೆದಾಗ ಹಕ್ಕಿ ಮೇಲಕ್ಕೆ ಚಿಮ್ಮಲಿಲ್ಲ. ಲಾವುಗೆಯ ಸ್ವಭಾವವನ್ನು ಬಲ್ಲವರಿಗೆ ಈ ಒಂದು ಮಾತೇ ಸಾಕು. ಏಕೆಂದರೆ ಭಯವಾದೊಡನೆ ಬಿಲ್ಲಿನಿಂದ ಬಿಟ್ಟ ಬಾಣದಂತೆ ನೆಟ್ಟಗೆ ಮೇಲಕ್ಕೆ ನೆಗೆಯುವುದು ಆ ಹಕ್ಕಿಯ ಹುಟ್ಟುಗುಣ, ಹಾಗೆ ನೆಗೆಯದೆ ಮೂಲೆಯಲ್ಲಿ ಮೈಯನ್ನು ಉಂಡೆಮಾಡಿಕೊಂಡು, ಗರಿಗಳನ್ನು ಉಬ್ಬಿಸಿಕೊಂಡು, ಕಣ್ಣನ್ನು ಅರೆಮುಚ್ಚಿ ಕುಳಿತಿರುವ ಲಾವುಗೆಯು ಬಹುದಿನಗಳಿಂದ ಹೊಟ್ಟೆತುಂಬ ಉಣ್ಣದ ಲಾವುಗೆಯೇ ಆಗಿರಬೇಕು. ಊರಾಚೆಯ ಶೆಡ್ಡೊಂದರಲ್ಲಿ ಮೊಟ್ಟೆಗಾಗಿ ಸಾಕಿದ್ದ ಹಕ್ಕಿಗಳ ತಂಡವನ್ನು ಖಾಲಿಮಾಡುತ್ತಿದ್ದಾಗ, ತೂಕಕ್ಕೂ ಬಾರದೆ ಮೊಟ್ಟೆಗೂ ಬಾರದೆ ಉಳಿದುಹೋದ ಈ ಒಂದನ್ನು ಹೊರಗೆಸೆಯುವ ಮುನ್ನ ನನ್ನ ಮೊಮ್ಮಗನು ಕೇಳಿ ಪಡೆದು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಿದ್ದನು.

"ತಾತ, ಇದರ ಬಾಯಿ ನೋಡು" ಎಂದನು.

ನೋಡಿದೆನು. ಮೇಲ್ಗೊಕ್ಕು ಮೂಗಿನ ಹೊಳ್ಳೆಗಳಿಂದ ಸ್ವಲ್ಪವೇ ಮುಂದಕ್ಕೆ ಬಂದು, ಆರಿದ ಕೊಳ್ಳಿಯ ತುದಿಯಂತೆ ಕಪ್ಪಗೆ ಮೊಂಡಾಗಿ ನಿಂತುಹೋಗಿತ್ತು. ಕೆಳಗೊಕ್ಕು, ತನಗೆ ಎದುರಾಗಿದ್ದು ತನ್ನನ್ನು ಸವೆಯಿಸಬೇಕಾದ ಜೊತೆಯನ್ನು ಕಳೆದುಕೊಂಡುದರಿಂದ, ಅದನ್ನು ದಾಟಿ ಮುಂದೆ ಬೆಳೆದು, ಎಡಕ್ಕೆ ವಾಲಿ, ತುದಿಯಲ್ಲಿ ಸೌಟಿನಂತೆ ಮೇಲಕ್ಕೆ ಬಾಗಿತ್ತು. ಆ ಸೌಟಿನ ಕುಳಿಯಲ್ಲಿ ಯಾವಾಗಿನದೋ ಆಹಾರ ಒಣಗಿ, ಗಾರೆಯಂತೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬಾಯಿ ಮುಚ್ಚಿದರೂ ಮುಚ್ಚಿರಲಿಲ್ಲ. ಎರಡರ ನಡುವಣ ಸಂದಿನಲ್ಲಿ ಸಣ್ಣ ನಾಲಿಗೆಯು ಒಣಗಿದ ಹೂವಿನ ಎಸಳಿನಂತೆ ಕಾಣುತ್ತಿತ್ತು. ಅಡಿಗೆಮನೆಯ ತಕ್ಕಡಿಯ ಮೇಲೆ ಇಟ್ಟೆವು: 118 ಗ್ರಾಂ. ಬೆಳೆದ ಹೆಣ್ಣು ಲಾವುಗೆ ನೂರೈವತ್ತು ಗ್ರಾಮಿಗೆ ಕಡಿಮೆ ತೂಗಬಾರದು. ಎದೆಯ ನಡುಮೂಳೆಯ ಏಣು ಬೆರಳಿಗೆ ಚಾಕುವಿನ ಬೆನ್ನಿನಂತೆ ತಾಗುತ್ತಿತ್ತು.

ಪೇಟೆಯಲ್ಲಿ ಈ ಹಕ್ಕಿಯನ್ನು ಗೌಜಲಕ್ಕಿಯೆಂದು ಕರೆದು ಮಾರುತ್ತಾರೆ. ಆ ಹೆಸರು ಸರಿಯಲ್ಲ. ಗೌಜಲು ಕುರುಚಲುಗಾಡಿನಲ್ಲಿ ಬೆಳಗಿನ ಹೊತ್ತು ಗಂಟಲು ಬಿಚ್ಚಿ ಕೂಗುವ, ಇದಕ್ಕಿಂತ ಬಹಳ ದೊಡ್ಡದಾದ ಬೇರೆಯೇ ಹಕ್ಕಿ. ನಮ್ಮ ಹಳೆಯ ಮಾತಿನ ಲಾವುಗೆಯೇ ಇದಕ್ಕೆ ಒಪ್ಪುವ ಹೆಸರು. ನಾನು ಹುಡುಗನಾಗಿದ್ದಾಗ, ರಾಗಿ ಕುಯ್ದ ಹೊಲದ ಕೂಳೆಗಳ ನಡುವೆ ಬರಿಗಾಲಿನಲ್ಲಿ ನಡೆಯುತ್ತಿರಲು, ಕಾಲಡಿಯ ನೆಲವೇ ಸಿಡಿದಂತೆ ಬುರ್ರೆಂದು ಎದ್ದು, ಎದೆಯನ್ನು ಝಲ್ಲೆನಿಸಿ, ಇಪ್ಪತ್ತು ಮಾರು ಆಚೆ ಹುಲ್ಲಿನಲ್ಲಿ ಕಲ್ಲಿನಂತೆ ಬಿದ್ದು ಮಾಯವಾಗುತ್ತಿದ್ದ ಆ ಕಾಡುಲಾವುಗೆಗಳ ನೆನಪು ನನಗಿನ್ನೂ ಹಸಿಯಾಗಿದೆ. ಅವುಗಳನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ, ಹಾಗಿರುವುದೇ ನ್ಯಾಯ. ನಮ್ಮ ಮನೆಗೆ ಬಂದದ್ದು ಜಪಾನಿನ ಸಾಕುಲಾವುಗೆ. ಆ ದೇಶದವರು ಹಿಂದಿನ ಕಾಲದಲ್ಲಿ ಇದನ್ನು ಗಂಡುಹಕ್ಕಿಯ ಕೂಗಿಗಾಗಿ ಸಾಕುತ್ತಿದ್ದರು. ಕೂಗಿನ ಸ್ಪರ್ಧೆಗಳನ್ನೂ ಏರ್ಪಡಿಸುತ್ತಿದ್ದರು. 20ನೆಯ ಶತಮಾನದ ಮೊದಲಲ್ಲಿ ಗಮನವೆಲ್ಲ ಕಂಠದಿಂದ ಮೊಟ್ಟೆಗೆ ತಿರುಗಿತು. 1974ರಲ್ಲಿ ಉತ್ತರಪ್ರದೇಶದ ಇಜ್ಜತ್‌ನಗರದ ಸಂಶೋಧನಾಲಯಕ್ಕೆ ಬಂದು, ಅಲ್ಲಿಂದ ದೇಶದಲ್ಲೆಲ್ಲ ಹರಡಿತು. ಮೊಟ್ಟೆಯೊಳಗೆ 17 ಅಥವಾ 18 ದಿನ, ಹೊರಗೆ ಬಂದಾಗ ಏಳೆಂಟು ಗ್ರಾಂ ತೂಗುವ, ಹೆಬ್ಬೆರಳಿನಷ್ಟೇ ಗಾತ್ರದ ಮರಿ, ಆರೇಳು ವಾರಕ್ಕೆ ತಾನೇ ಮೊಟ್ಟೆಯಿಡುವ ಗೃಹಿಣಿ, ಬಹುವಾದರೆ ಎರಡು ಮೂರು ವರ್ಷಕ್ಕೆ ಮುದುಕಿ. ಬಾಳಿನ ಎಲ್ಲ ಆಶ್ರಮಗಳನ್ನೂ ಇಷ್ಟು ಅವಸರದಲ್ಲಿ ದಾಟಬೇಕಾದ ಜೀವಕ್ಕೆ ಉಪವಾಸದಲ್ಲಿ ಕಳೆಯಲು ಒಂದು ದಿನವೂ ಇಲ್ಲ.

ಕೊಕ್ಕು ಹೀಗೇಕೆ ಆಯಿತೆಂಬುದನ್ನು ಮೊಮ್ಮಗನು ಮರುದಿನ ವಿಚಾರಿಸಿಕೊಂಡು ಬಂದನು. ಬೆಳಕೂ ಜಾಗವೂ ಸಾಲದ ಕಡೆ ಹಕ್ಕಿಗಳನ್ನು ಒತ್ತೊತ್ತಾಗಿ ತುಂಬಿದರೆ ಅವು ಒಂದನ್ನೊಂದು ಕುಕ್ಕುತ್ತವೆ, ಗರಿ ಕೀಳುತ್ತವೆ, ರಕ್ತ ಕಂಡರೆ ಇನ್ನೂ ಕುಕ್ಕುತ್ತವೆ. ಇದಕ್ಕೆ ಜಾಗವನ್ನು ಹೆಚ್ಚಿಸುವ ಬದಲು ಕೊಕ್ಕನ್ನು ಕಡಿಮೆಮಾಡುವ ಉಪಾಯವನ್ನು ಮನುಷ್ಯನು ಕಂಡುಕೊಂಡಿದ್ದಾನೆ. ಮರಿಯಾಗಿರುವಾಗಲೇ ಕಾದ ಅಲಗಿನಿಂದ ತುದಿಯನ್ನು ತುಂಡರಿಸಿ ಸುಟ್ಟುಬಿಡುತ್ತಾರೆ. ಗಂಟೆಗೆ ನೂರಾರು ಮರಿಗಳನ್ನು ಹಿಡಿದು ಬಿಡುವ ಕೈ ಒಂದು ಮರಿಯ ಮೇಲೆ ನೂಲೆಳೆಯಷ್ಟು ಹೆಚ್ಚು ಒತ್ತಿದರೆ, ಅದರ ಫಲವನ್ನು ಆ ಮರಿ ಬದುಕಿರುವವರೆಗೂ ಉಣ್ಣಬೇಕು. ಉಣ್ಣಬೇಕು ಎನ್ನುವುದಕ್ಕಿಂತ, ಉಣ್ಣಲಾರದೆ ಇರಬೇಕು. ಕೊಕ್ಕು ನಾವು ತಿಳಿದಿರುವಂತೆ ಸತ್ತ ಕೊಂಬಲ್ಲ. ಒಳಗೆ ಎಲುಬು, ಅದರ ಮೇಲೆ ರಕ್ತವೂ ನರಗಳೂ ಹರಿಯುವ ಜೀವಂತ ಚರ್ಮ, ಅದರ ಮೇಲೆ ನಮ್ಮ ಉಗುರಿನ ದ್ರವ್ಯದಿಂದಲೇ ಆದ ಗಟ್ಟಿ ಹೊದಿಕೆ. ಈ ಹೊದಿಕೆಯು ಹಕ್ಕಿ ಇರುವವರೆಗೂ ಬೆಳೆಯುತ್ತಲೇ ಇರುತ್ತದೆ, ಮೇಲಿನದು ಕೆಳಗಿನದನ್ನು ಉಜ್ಜಿ, ಎರಡೂ ಮಣ್ಣನ್ನೂ ಕಲ್ಲನ್ನೂ ಉಜ್ಜಿ, ಬೆಳೆದಷ್ಟೇ ಸವೆದು ಅಳತೆಯಲ್ಲಿ ನಿಲ್ಲುತ್ತದೆ. ತುದಿಯಲ್ಲಂತೂ ಸ್ಪರ್ಶವನ್ನರಿಯುವ ನರಗಳು ದಟ್ಟವಾಗಿವೆ. ಕೈಯಿಲ್ಲದ ಜೀವಕ್ಕೆ ಬೆರಳು, ತುಟಿ, ಹಲ್ಲು, ಬಾಚಣಿಗೆ ಎಲ್ಲವೂ ಅದೊಂದೇ. ಈ ಹಕ್ಕಿಗೆ ಆಗಿದ್ದದ್ದು ಬೆರಳ ತುದಿಗಳನ್ನು ಕಳೆದುಕೊಂಡವನಿಗೆ ಆಗುವಂಥದು.

ನಾನು ಅದಕ್ಕೆ ವರ್ತಿಕೆಯೆಂದು ಹೆಸರಿಟ್ಟೆನು. ಋಗ್ವೇದದಲ್ಲಿ ದೇವವೈದ್ಯರಾದ ಅಶ್ವಿನೀದೇವತೆಗಳ ಉಪಕಾರಗಳನ್ನು ಎಣಿಸುವಲ್ಲಿ, ಕುರುಡನಿಗೆ ಕಣ್ಣು ಕೊಟ್ಟುದು, ಮುದುಕನಿಗೆ ಯೌವನ ಕೊಟ್ಟುದು, ಕಾಲು ಕಳೆದುಕೊಂಡ ವಿಶ್ಪಲೆಗೆ ಲೋಹದ ಕಾಲು ಕೊಟ್ಟುದು, ಈ ದೊಡ್ಡ ಕಾರ್ಯಗಳ ನಡುವೆಯೇ, ತೋಳದ ಬಾಯೊಳಗಿಂದ ಒಂದು ವರ್ತಿಕೆಯನ್ನು, ಎಂದರೆ ಲಾವುಗೆಯನ್ನು, ಬಿಡಿಸಿದ ಸಂಗತಿಯೂ ಮತ್ತೆ ಮತ್ತೆ ಬರುತ್ತದೆ. ವರ್ತಿಕೆಯೆಂದರೆ ಉಷಸ್ಸು, ತೋಳವೆಂದರೆ ಸೂರ್ಯ ಎಂದು ಅರ್ಥ ಬಿಡಿಸಿದವರುಂಟು. ಅದು ಪಂಡಿತರಿಗೆ ಒಪ್ಪಲಿ. ನನಗೆ ಮಾತ್ರ ಆ ಋಷಿಯು ನಿಜವಾದ ಹಕ್ಕಿಯೊಂದನ್ನೇ, ನಿಜವಾದ ಹಲ್ಲುಗಳ ನಡುವೆ ಅದರ ಎದೆಬಡಿತವನ್ನೇ ನೆನೆದು ಹಾಡಿದನೆಂದು ನಂಬಲು ಇಷ್ಟ. ನನ್ನ ಹೆಂಡತಿಯ ನಾಲಿಗೆಗೆ ಈ ಹೆಸರು ಹತ್ತಲಿಲ್ಲ. ಆಕೆ ಪುಟ್ಟಿಯೆಂದೇ ಕರೆದಳು. ಹಕ್ಕಿ ಎರಡಕ್ಕೂ ಓಗೊಡದೆ, ಆಹಾರದ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದಿಗೆ ಮಾತ್ರ ಓಡಿಬರುತ್ತಿತ್ತು.

ಓಡಿಬರುತ್ತಿತ್ತು ಎಂದು ಬರೆದೆನಾದರೂ ಅದು ಆಮೇಲಿನ ಮಾತು. ಮೊದಲ ಸಂಜೆ ನಾವು ಅಕ್ಕಿನುಚ್ಚನ್ನೂ ನವಣೆಯನ್ನೂ ಹಿತ್ತಿಲ ಜಗಲಿಯ ನೆಲದ ಮೇಲೆ ಚೆಲ್ಲಿ, ದೂರ ಸರಿದು ಕುಳಿತೆವು. ಹಕ್ಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಬಂದು, ತಲೆಯನ್ನು ಓರೆಮಾಡಿ ಒಂದು ಕಾಳನ್ನು ಗುರಿಯಿಟ್ಟು ಕುಕ್ಕಿತು. ಟಕ್ ಎಂಬ ಸದ್ದು ಕೇಳಿತು. ಆದರೆ ಆ ಸದ್ದು ಕಾಳಿನದಾಗಿರಲಿಲ್ಲ. ಉದ್ದವಾದ ಕೆಳಗೊಕ್ಕು ಮೊದಲು ನೆಲಕ್ಕೆ ತಾಗಿ, ಕಾಳು ಅದರ ಅಂಚಿನಿಂದ ಜಾರಿ ಬದಿಗೆ ಸರಿಯಿತು. ಮತ್ತೆ ಕುಕ್ಕಿತು, ಮತ್ತೆ ಸರಿಯಿತು. ಕಣ್ಣು ತಪ್ಪಲಿಲ್ಲ, ಕೊರಳು ತಪ್ಪಲಿಲ್ಲ, ಗುರಿಯಂತೂ ಒಮ್ಮೆಯೂ ತಪ್ಪಲಿಲ್ಲ. ತಲುಪಿದ ಮೇಲೆ ಹಿಡಿಯಬೇಕಾದುದೇ ಇರಲಿಲ್ಲ. ನಾನು ಎಣಿಸಿದೆನು. ನಲವತ್ತು ಸಲ ಕುಕ್ಕಿದ್ದಕ್ಕೆ ಗಂಟಲೊಳಗೆ ಇಳಿದದ್ದು ಎರಡು ಕಾಳು. ಅಷ್ಟಾದರೂ ಅದು ಬೇಸರಪಡಲಿಲ್ಲ, ಕೋಪಗೊಳ್ಳಲಿಲ್ಲ, ಕತ್ತಲಾಗಿ ಕಾಳು ಕಾಣದಾಗುವವರೆಗೂ ಕುಕ್ಕುತ್ತಲೇ ಇತ್ತು. ಆಮೇಲೆ ಕೊರಳ ಬುಡದ ಕಾಳಿನ ಚೀಲವನ್ನು ಮುಟ್ಟಿ ನೋಡಿದೆನು. ಖಾಲಿ ಜೇಬಿನ ಬಟ್ಟೆಯಂತೆ ಬೆರಳಿಗೆ ಮಡಿಕೆಯಾಗಿ ಸಿಕ್ಕಿತು. ನೂರಾರು ಹಕ್ಕಿಗಳ ನಡುವೆ, ತಾನೂ ಎಲ್ಲರಂತೆ ದಿನವೆಲ್ಲ ತಿನ್ನುತ್ತಿರುವುದಾಗಿಯೇ ನೋಡುವವರಿಗೆ ಕಂಡು, ಇದು ಎಷ್ಟು ದಿನ ಹೀಗೆ ಹಸಿದಿತ್ತೋ!

"ಹಲ್ಲಿಲ್ಲದ ಅತ್ತೇಮ್ಮನಿಗೆ ಅನ್ನ ಕಿವುಚಿ ಬಡಿಸ್ತಿರಲಿಲ್ವೇ ನಾನು? ಇದಕ್ಕೂ ಹಂಗೇ ಮಾಡೋಣ ಬಿಡಿ" ಎಂದಳು ನನ್ನ ಹೆಂಡತಿ.

ನಮ್ಮದು ತಿಪಟೂರು, ಕೊಬ್ಬರಿಯ ಊರು. ತೆಂಗಿನ ಕರಟಕ್ಕೆ ಇಲ್ಲಿ ಬರವಿಲ್ಲ. ಆಕೆ ಒಂದು ಅರೆಗರಟವನ್ನು ಒಳಗೆಲ್ಲ ನಯವಾಗಿ ಹೆರೆದು, ಉರುಳದಂತೆ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿ, ಕೋಳಿಮರಿಗೆ ಹಾಕುವ ಆಹಾರದ ಹುಡಿಯನ್ನು ನೀರಿನಲ್ಲಿ ನೆನೆಸಿ, ಬೇಯಿಸಿದ ಮೊಟ್ಟೆಯನ್ನು ಅದರಲ್ಲಿ ಕಿವುಚಿ, ನುಗ್ಗೆಸೊಪ್ಪನ್ನು ಹುಡಿಯಾಗುವಂತೆ ಹೆಚ್ಚಿ ಬೆರೆಸಿದಳು. ಲಾವುಗೆಗೆ ಕೋಳಿಗಿಂತ ಹೆಚ್ಚು ಸಸಾರಜನಕ ಬೇಕು. ಬೆಳೆಯುವ ಮರಿಗಂತೂ ಆಹಾರದ ಕಾಲುಭಾಗದಷ್ಟು ಅದೇ ಆಗಬೇಕು. ಇದು ಪುಸ್ತಕದಿಂದ ತಿಳಿಯುತ್ತದೆ. ಪುಸ್ತಕದಲ್ಲಿಲ್ಲದ್ದು ಆಳ. ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ಆಳ ಕಡಿಮೆಯಾದರೆ ಕೆಳಗೊಕ್ಕು ತಳಕ್ಕೆ ತಾಗಿ ಹಳೆಯ ಕಥೆಯೇ ಆಗುತ್ತಿತ್ತು. ಹೆಚ್ಚಾದರೆ ಹೊಳ್ಳೆಗಳಿಗೆ ಮೆತ್ತಿಕೊಂಡು ಉಸಿರು ಕಟ್ಟುತ್ತಿತ್ತು. ಹದವೂ ಹಾಗೆಯೇ: ನೀರಾದರೆ ಜಾರುವುದು, ಗಟ್ಟಿಯಾದರೆ ಅಂಟುವುದು, ಬೆರಳಲ್ಲಿ ಎತ್ತಿದರೆ ತುಂಡಾಗಿ ಬೀಳುವ ಉಪ್ಪಿಟ್ಟಿನ ಹದಕ್ಕೆ ಬಂದರೆ ಸರಿ. ಬೇಸಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿವಾಸನೆ ಬರುವುದರಿಂದ ಬೆಳಗ್ಗೆ ಇಟ್ಟದ್ದನ್ನು ತೆಗೆದು ಹೊಸದಾಗಿ ಕಲಸಬೇಕು. ನೀರಿನ ಮಾತು ಬೇರೆ. ಲಾವುಗೆಗೆ ಪಾರಿವಾಳದಂತೆ ನೀರನ್ನು ಹೀರುವ ಶಕ್ತಿಯಿಲ್ಲ. ಮೊಗೆದು, ತಲೆಯೆತ್ತಿ, ಇಳಿಸಿಕೊಳ್ಳಬೇಕು. ಬಾಯಿ ಕೂಡದ ಈ ಹಕ್ಕಿಯು ಮೊಗೆದ ನೀರೆಲ್ಲ ಎಡಗಡೆಯಿಂದ ಸೋರಿ ಎದೆಯನ್ನು ನೆನೆಯಿಸುತ್ತಿದ್ದುದರಿಂದ, ನಾಲ್ಕು ಸಲ ಕುಡಿಯುವ ಕಡೆ ಇಪ್ಪತ್ತು ಸಲ ಬಗ್ಗಬೇಕಾಗುತ್ತಿತ್ತು. ರಾತ್ರಿ ಎದೆ ಒದ್ದೆಯಾಗಿ ಮಲಗಬಾರದೆಂದು ಸಂಜೆ ಹತ್ತಿಯಿಂದ ಒರಸುವ ಕೆಲಸ ಮೊಮ್ಮಗನದಾಯಿತು.

ಮೊದಲ ಸಲ ಕರಟದೊಳಗೆ ಕೊಕ್ಕು ಇಳಿಸಿದಾಗ ಆಹಾರವು ತಾನಾಗಿಯೇ ಆ ಸೌಟಿನೊಳಗೆ ತುಂಬಿಕೊಂಡಿತು. ಹಕ್ಕಿ ತಲೆಯೆತ್ತಿ ನುಂಗಿ, ಒಂದು ಕ್ಷಣ ಅಲುಗದೆ ನಿಂತಿತು. ಆಮೇಲೆ ಎರಡು ಕಾಲನ್ನೂ ಸಿಂಬಿಯ ಮೇಲೆ ಊರಿ, ಮುಖವೆಲ್ಲ ಮೆತ್ತಿಕೊಳ್ಳುವಂತೆ ತಿಂದಿತು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರಸಿಕೊಂಡಳು.

ಈಗ ನನ್ನ ತಪ್ಪನ್ನು ಹೇಳಬೇಕು. ಹೊಟ್ಟೆಯ ವ್ಯವಸ್ಥೆಯಾದ ಮೇಲೆ, ಆ ಉದ್ದನೆಯ ಕೆಳಗೊಕ್ಕನ್ನು ಕಂಡಾಗಲೆಲ್ಲ ನನಗೆ ಮನಸ್ಸು ತಡೆಯದಾಯಿತು. ಉಗುರಿನಂಥದೇ ತಾನೆ, ಒಂದು ಸಲ ಕತ್ತರಿಸಿಬಿಟ್ಟರೆ ಎರಡೂ ಸಮವಾಗಿ ಹಕ್ಕಿಯ ಕಷ್ಟ ನಿವಾರಣೆಯಾಗುವುದೆಂದು ತಿಳಿದು, ಯಾರನ್ನೂ ಕೇಳದೆ, ಒಂದು ಬೆಳಗ್ಗೆ ನನ್ನ ನೇಲ್ ಕಟರನ್ನು ತಂದು, ಅಂದಾಜಿನಿಂದ ಮೂರು ಮಿಲಿಮೀಟರಿನಷ್ಟನ್ನು ಒಂದೇ ಒತ್ತಿಗೆ ತೆಗೆದೆನು. ಹಕ್ಕಿ ಮೈಯನ್ನೆಲ್ಲ ಒಮ್ಮೆ ಬಿಗಿದು, ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಕತ್ತರಿಸಿದ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಮೂಡಿ, ಹನಿಯಾಗಿ, ನನ್ನ ಬೆರಳ ಮೇಲೆ ಬಿದ್ದು, ಅದರ ಹಿಂದೆ ಇನ್ನೊಂದು ಮೂಡಿತು. 118 ಗ್ರಾಮಿನ ಹಕ್ಕಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಎರಡು ಚಮಚವನ್ನು ಮೀರುವುದಿಲ್ಲ. ಹಾಗಿರುವಾಗ ಒಂದೊಂದು ಹನಿಯೂ ಎಷ್ಟು ದೊಡ್ಡ ನಷ್ಟವೆಂಬುದನ್ನು ಓದುಗರೇ ಊಹಿಸಬಹುದು. ಅರಿಶಿನದ ಹುಡಿಯನ್ನು ಒತ್ತಿ ಹಿಡಿದು ಕುಳಿತೆನು. ಐದು ನಿಮಿಷವಾಗಿರಬಹುದು; ರಕ್ತ ನಿಂತಿತು. ಆ ದಿನವೆಲ್ಲ ಅದು ಕರಟದ ಹತ್ತಿರ ಸುಳಿಯಲಿಲ್ಲ. ಸಂಜೆ ಸಕ್ಕರೆ ನೀರನ್ನು ಬಾಯ ಅಂಚಿಗೆ ಹನಿಹನಿಯಾಗಿ, ಉಸಿರ ನಾಳಕ್ಕೆ ಹೋಗದಂತೆ ತಡೆದು ತಡೆದು, ತಾಗಿಸಿ ಕುಡಿಸಿದೆವು. ಕಾದ ಅಲಗಿನಿಂದ ಸುಟ್ಟವನಿಗೆ ನಾನು ಮನಸ್ಸಿನಲ್ಲಿ ಹಾಕಿದ್ದ ಶಾಪವು ಆ ರಾತ್ರಿ ನನ್ನ ಬಾಗಿಲಿಗೇ ಬಂದು ನಿಂತಿತು. ಅವನು ಅವಸರದಲ್ಲಿ ಮಾಡಿದ್ದನ್ನು ನಾನು ಕರುಣೆಯಿಂದ ಮಾಡಿದ್ದೆನು; ಹಕ್ಕಿಗೆ ತಾಗಿದ ಅಲಗಿನಲ್ಲಿ ಆ ಭೇದವಿರಲಿಲ್ಲ.

ಮರುದಿನ ದನದ ಆಸ್ಪತ್ರೆಗೆ ಒಯ್ದೆನು. ಅಲ್ಲಿನ ವೈದ್ಯೆ ಹಿಂದೆ ನನ್ನ ಕೈಯಲ್ಲೇ ಕನ್ನಡ ಕಲಿತ ಹುಡುಗಿ. ಎಮ್ಮೆ ಹಸುಗಳ ಸಾಲು ಹೊರಗೆ ಕಾದಿದ್ದರೂ, ಹಕ್ಕಿಯನ್ನು ಒಂದು ಟವಲಿನಲ್ಲಿ ಸುತ್ತಿ, ತಲೆಯನ್ನು ಮಾತ್ರ ಹೊರಗಿರಿಸಿ, ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದಳು. ಬಾಯೊಳಗೆ ನೋಡಿದಳು, ಕಾಲಿನ ಮತ್ತು ಕೊಕ್ಕಿನ ಬುಡದಲ್ಲಿ ಕಜ್ಜಿಯ ಹುರುಪೆ ಉಂಟೇ ಎಂದು ನೋಡಿದಳು, ಪೆಟ್ಟಿಗೆಯಲ್ಲಿದ್ದ ಹಿಕ್ಕೆಯ ಬಣ್ಣವನ್ನು ನೋಡಿದಳು. ಯಕೃತ್ತು ಕೆಟ್ಟರೂ, ಒಂದು ಬಗೆಯ ನುಸಿ ಹತ್ತಿದರೂ, ಆಹಾರದಲ್ಲಿ ಸತ್ತ್ವಗಳು ಸಾಲದಿದ್ದರೂ ಕೊಕ್ಕು ಅಡ್ಡಾದಿಡ್ಡಿ ಬೆಳೆಯುವುದುಂಟಂತೆ. ಇಲ್ಲಿ ಅವಾವುದೂ ಇರಲಿಲ್ಲ.

"ಮೇಷ್ಟ್ರೇ, ಇದು ಉಗುರಿದ್ದ ಹಾಗೇನೇ, ಆದ್ರೆ ಉಗುರಲ್ಲ. ತುದಿ ಹತ್ತಿರದವರೆಗೂ ಒಳಗೆ ಜೀವ ಬಂದಿರುತ್ತೆ. ಒಂದೇ ದಿನಕ್ಕೆ ನೆಟ್ಟಗೆ ಮಾಡ್ತೀನಿ ಅಂತ ಹೊರಟ್ರೆ ಹಕ್ಕಿ ಉಳಿಯೋಲ್ಲ. ವಾರಕ್ಕೊಂದು ಸಲ ಚೂರೇ ಚೂರು ತೀಡಿ. ಒಳಗಿನ ಜೀವ ತಾನಾಗೇ ಹಿಂದಕ್ಕೆ ಸರೀತದೆ. ಅದು ಎಷ್ಟು ಸರಿದು ಜಾಗ ಬಿಟ್ಟಿರುತ್ತೋ ಅಷ್ಟು ಮಾತ್ರ ಮುಂದಿನ ವಾರ."

"ಮೇಲಿನದು?" ಎಂದು ಕೇಳಿದೆನು.

"ಅದು ಬೆಳೆಯೋ ಜಾಗವೇ ಸುಟ್ಟಿದೆ, ಮೇಷ್ಟ್ರೇ. ಅದನ್ನ ಬಿಡಿ. ಕೆಳಗಿನದನ್ನ ಅದರ ಅಳತೆಗೆ ಇಟ್ಕೊಂಡು ಹೋಗೋದು. ವಾಸಿ ಆಗೋದು ಅಂತ ಇಲ್ಲ. ನೋಡ್ಕೊಳ್ಳೋದು ಅಂತ ಅಷ್ಟೆ."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ತಿದ್ದುವುದೆಂದರೆ ತಪ್ಪನ್ನು ಅಳಿಸಿ ಒಪ್ಪನ್ನು ಬರೆಯುವುದೆಂಬ ಒಂದೇ ಅರ್ಥ ಗೊತ್ತಿತ್ತು. ಅಳಿಸಲಾಗದ ತಪ್ಪಿನ ಪಕ್ಕದಲ್ಲಿ ವಾರವಾರವೂ ಕುಳಿತು, ಅದು ಮೀರಿದಷ್ಟನ್ನು ಮಾತ್ರ ತೆಗೆದು, ಮತ್ತೆ ಮೀರಲು ಬಿಟ್ಟು, ಮತ್ತೆ ಕುಳಿತುಕೊಳ್ಳುವುದು ನನಗೆ ಹೊಸ ವಿದ್ಯೆ.

ಭಾನುವಾರ ಬೆಳಗ್ಗೆ ಎಂಟರ ಹೊತ್ತಿಗೆ ಜಗಲಿಗೆ ಓರೆಯಾಗಿ ಬಿಸಿಲು ಬೀಳುತ್ತದೆ. ಹಳೆಯ ಪಂಚೆಯ ಮೆದುವಾದ ತುಂಡಿನಲ್ಲಿ ಹಕ್ಕಿಯನ್ನು ಸುತ್ತಿ ಎಡಗೈಯಲ್ಲಿ ಹಿಡಿಯುವುದು. ಹಿಡಿತದಲ್ಲಿ ಒಂದು ಎಚ್ಚರವಿದೆ: ಹಕ್ಕಿಗೆ ನಮ್ಮಂತೆ ವಪೆಯಿಲ್ಲ, ಎದೆಯ ಗೂಡು ಏಳುತ್ತ ಬೀಳುತ್ತ ಇದ್ದರೆ ಮಾತ್ರ ಉಸಿರು, ಪ್ರೀತಿಯಿಂದ ಬಿಗಿಯಾಗಿ ಹಿಡಿದರೂ ಅದು ಸದ್ದಿಲ್ಲದೆ ಕೈಯಲ್ಲೇ ಸತ್ತುಹೋಗಬಹುದು. ಆದುದರಿಂದ ರೆಕ್ಕೆಗಳಿಗೆ ಮಾತ್ರ ತಡೆಯಿಟ್ಟು, ಎದೆಯನ್ನು ಬಿಟ್ಟು ಹಿಡಿಯಬೇಕು. ಕಣ್ಣಿನ ಮೇಲೆ ಬಟ್ಟೆಯ ಅಂಚನ್ನು ಎಳೆದರೆ ಕತ್ತಲಾಯಿತೆಂದು ತಿಳಿದು ಸುಮ್ಮನಾಗುತ್ತದೆ. ಮೊಮ್ಮಗನು ಕೊಕ್ಕಿನ ಆಚೆಗೆ ಟಾರ್ಚು ಹಿಡಿಯುತ್ತಾನೆ. ಆಗ ಅದರೊಳಗೆ, ಕೊಂಬಿನ ಬಣ್ಣದ ಅರೆಪಾರದರ್ಶಕ ಹೊದಿಕೆಯ ಒಳಗಡೆ, ದಾಳಿಂಬೆಯ ಸಿಪ್ಪೆಯ ಒಳಬಣ್ಣದ ಮಸಕುಗೆಂಪು ಒಂದು ಕಡೆಯವರೆಗೆ ಬಂದು ನಿಂತಿರುವುದು ಕಾಣುತ್ತದೆ; ಅಲ್ಲಿಂದಾಚೆ ಬರಿಯ ಹಳದಿ. ಆ ಕೆಂಪು ನಿಂತ ಗೆರೆಗೂ ತುದಿಗೂ ನಡುವೆ ಇರುವ ಅಕ್ಕಿಕಾಳಿನ ಅರ್ಧದಷ್ಟು ಜಾಗವೇ ಆ ವಾರದ ನನ್ನ ಅಧಿಕಾರದ ಎಲ್ಲೆ. ಕತ್ತರಿಯ ಮಾತಿಲ್ಲ, ಉಗುರು ತೀಡುವ ಸಣ್ಣ ಅರದಿಂದ, ಒಂದೇ ದಿಕ್ಕಿಗೆ, ಬಲದಿಂದ ಎಡಕ್ಕೆ, ಹತ್ತು ಸಲ ಎಳೆದು ನಿಲ್ಲಿಸುವುದು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಎಳೆಯೆದ್ದು ಸೀಳುತ್ತದೆ. ಕೈಗೆ ಬಿಸಿ ತಾಗಿದರೆ ಬಿಟ್ಟು, ಆರಿದ ಮೇಲೆ ಮತ್ತೆ ಹತ್ತು. ಸುಟ್ಟ ಉಗುರಿನದಲ್ಲದ, ಮಳೆ ಬಿದ್ದ ಕೊಂಬಿನ ವಾಸನೆಯಂಥದೊಂದು ಏಳುತ್ತದೆ. ಕೊನೆಗೆ, ಕುಳಿಯಲ್ಲಿ ಮೆತ್ತಿಕೊಂಡುದನ್ನು ಬಿಸಿನೀರಿನ ಹತ್ತಿಯಿಂದ ನೆನೆಸಿ, ಗರಿಕೆಯ ದಂಟಿನಿಂದ ಬಿಡಿಸಿ, ಬಾಯ ಅಂಚಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಎಲ್ಲ ಸೇರಿ ಹತ್ತು ನಿಮಿಷ. ಬಿಟ್ಟೊಡನೆ ಅದು ಮೈಯನ್ನು ಒಮ್ಮೆ ಝಾಡಿಸಿ, ಏನೂ ಆಗಿಲ್ಲವೆಂಬಂತೆ ಕರಟದ ಕಡೆಗೆ ನಡೆಯುತ್ತದೆ.

ಒಂಬತ್ತನೆಯ ಭಾನುವಾರಕ್ಕೆ ಕೆಳಗೊಕ್ಕು ಮೇಲಿನದಕ್ಕಿಂತ ಒಂದು ಮಿಲಿಮೀಟರಿನಷ್ಟೇ ಮುಂದಿತ್ತು. ಎಡವಾಲು ಹೋಗಲಿಲ್ಲ, ಹೋಗುವುದೂ ಇಲ್ಲ. ತೂಕ 164 ಗ್ರಾಂ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಮುಟ್ಟಿದ ಸಂಗತಿ ಇನ್ನೊಂದು. ಕೊಕ್ಕು ಕೆಟ್ಟ ಹಕ್ಕಿಗೆ ಹಸಿವಿನಷ್ಟೇ ದೊಡ್ಡ ಕಷ್ಟ ಮೈಯದು; ಬಾಲದ ಬುಡದಲ್ಲಿರುವ ಎಣ್ಣೆಯ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಗರಿಗರಿಗೂ ಸವರಿ ಒಪ್ಪಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ನಮ್ಮದರ ಗರಿಗಳು ಒದ್ದೆಯಾದ ಹುಲ್ಲಿನಂತೆ ಜೊಂಪೆಜೊಂಪೆಯಾಗಿ, ಹೇನು ಹಿಡಿದು, ಕುತ್ತಿಗೆಯ ಬಳಿ ಚರ್ಮ ಕಾಣುತ್ತಿತ್ತು. ಇದಕ್ಕೆ ಅದು ಹುಟ್ಟಿನಿಂದಲೇ ಬಲ್ಲ ಉಪಾಯವೆಂದರೆ ದೂಳಿನ ಸ್ನಾನ. ಅಗಲವಾದ ಬಾಣಲೆಯಲ್ಲಿ ಜರಡಿ ಹಿಡಿದ ಮರಳನ್ನೂ ಸೌದೆಯ ಬೂದಿಯನ್ನೂ ಬೆರೆಸಿ ಇಟ್ಟೆವು. ಶೆಡ್ಡಿನ ಕಂಬಿಯ ತಳದ ಮೇಲೆ ಬೆಳೆದು, ದೂಳೆಂಬುದನ್ನೇ ಕಂಡಿರದ ಹಕ್ಕಿ ಅದು. ಬಾಣಲೆಯೊಳಗೆ ಕಾಲಿಟ್ಟು, ಒಮ್ಮೆ ಕೆದರಿ, ಏನನ್ನೋ ನೆನಪು ಮಾಡಿಕೊಂಡಂತೆ ತಲೆಯೆತ್ತಿ, ಮರುಕ್ಷಣವೇ ಬದಿಗೆ ಬಿದ್ದು, ಕಾಲಿನಿಂದ ದೂಳನ್ನು ರೆಕ್ಕೆಯ ಕೆಳಗೆಲ್ಲ ಎರಚಿಕೊಂಡು, ಕಣ್ಣುಮುಚ್ಚಿ ಹೊರಳಾಡಿತು. ಯಾರೂ ಕಲಿಸಿದ್ದಲ್ಲ. ಹತ್ತು ತಲೆಮಾರು ಕಂಬಿಯ ಮೇಲೆ ಬೆಳೆದರೂ ನೆಲದ ನೆನಪನ್ನು ಅದರ ಮೈ ಎಲ್ಲೋ ಮಡಿಸಿಟ್ಟುಕೊಂಡಿತ್ತು. ಮತ್ತೆ ಒಂದು ದಿನ, ಹನ್ನೊಂದನೆಯ ವಾರದಲ್ಲಿರಬೇಕು, ಸ್ನಾನ ಮುಗಿಸಿ ಬಿಸಿಲಲ್ಲಿ ನಿಂತಿದ್ದ ಹಕ್ಕಿಯು ಕೊರಳನ್ನು ತಿರುಗಿಸಿ, ಎದೆಯ ಒಂದು ಗರಿಯನ್ನು ಎರಡು ಕೊಕ್ಕುಗಳ ನಡುವೆ ಹಿಡಿಯಿತು. ಹಿಡಿದು, ಬುಡದಿಂದ ತುದಿಯವರೆಗೆ, ಮಗ್ಗದ ನೂಲನ್ನು ಬೆರಳ ಸಂದಿನಲ್ಲಿ ಎಳೆದಂತೆ ಎಳೆಯಿತು. ಗರಿ ನೆಟ್ಟಗಾಯಿತು. ಇನ್ನೊಂದನ್ನು ಹಿಡಿಯಲು ಹೋಗಿ ತಪ್ಪಿತು, ಮೂರನೆಯದು ಸಿಕ್ಕಿತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಲಾವಕಗಳ ಕಾಳಗವು ರಾಜನ ವಿನೋದಗಳಲ್ಲಿ ಒಂದಾಗಿ ಬರುತ್ತದೆ. ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿಯೂ ಟಗರು ಕೋಳಿಗಳ ಜೊತೆಗೆ ಲಾವುಗೆಯ ಕಾಳಗವಿದೆ. ಆ ವಿದ್ಯೆಯವರೂ ಈ ಕೊಕ್ಕನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹತ್ತಿರದಿಂದ ನೋಡಿಯೇ ಇರಬೇಕು. ಅವರು ನೋಡಿದ್ದು ಅದರ ಮೊನೆಯನ್ನು. ಗರಿಯೊಂದನ್ನು ಮುರಿಯದಂತೆ ಹಿಡಿಯುವ ಅದರ ಮೃದುತ್ವವನ್ನು ವಿನೋದವೆಂದು ಬರೆದಿಟ್ಟವರನ್ನು ನಾನು ಕಾಣೆ. ಬರೆಯಬೇಕಾಗಿತ್ತು ಎಂದು ನನಗೆ ತೋರುತ್ತದೆ.

ನಾಲ್ಕನೆಯ ತಿಂಗಳು ಮೊಟ್ಟೆಯಿಟ್ಟಿತು. ಹತ್ತು ಗ್ರಾಮಿನ, ಕೆನೆಬಣ್ಣದ ಮೇಲೆ ಮಸಿ ಚಿಮುಕಿಸಿದಂಥ ಮೊಟ್ಟೆ. ಒಂದು ಹೆಣ್ಣಿನ ಮೊಟ್ಟೆಗಳ ಮೇಲಣ ಚುಕ್ಕೆಗಳ ರೀತಿ ಅವಳದೇ, ಕೈಬರಹದ ಹಾಗೆ. ನಮ್ಮ ವರ್ತಿಕೆಯದು ಅಗಲವಾದ ತುದಿಯಲ್ಲಿ ದಟ್ಟವಾಗಿ, ಚೂಪಾದ ಕಡೆಗೆ ವಿರಳವಾಗುವ ಬರಹ. ಸುಣ್ಣದ ಅಂಶವು ಮೈಯಿಂದ ಹೋಗಿಬಿಡಬಾರದೆಂದು ಚಿಪ್ಪುಗಳನ್ನು ಬೇಯಿಸಿ, ಒಣಗಿಸಿ, ಒರಳಿನಲ್ಲಿ ಹುಡಿಮಾಡಿ ಕರಟದ ಆಹಾರಕ್ಕೇ ಹಿಂದಿರುಗಿಸಿದೆವು.

ಹೀಗೆ ಒಂದು ವರ್ಷ ಕಳೆದ ಮೇಲೆ, ಹೋದ ಮಾಗಿಯಲ್ಲಿ, ನನಗೆ ಟಾರ್ಚಿನ ಬೆಳಕಿನಲ್ಲಿ ಆ ಕೆಂಪು ಗೆರೆ ಕಾಣದಾಯಿತು. ಮೊದಲು ಟಾರ್ಚಿನ ಬ್ಯಾಟರಿಯನ್ನು ಬದಲಾಯಿಸಿದೆನು. ಆಮೇಲೆ ಕನ್ನಡಕವನ್ನು ಒರಸಿದೆನು. ಎರಡು ಕಣ್ಣಿಗೂ ಪೊರೆ ಬಂದಿದೆಯೆಂದು ವೈದ್ಯರು ಹೇಳಿದರು. ಶಸ್ತ್ರಕ್ರಿಯೆಗೆ ದಿನ ಗೊತ್ತಾಗುವುದರೊಳಗೆ ಮೂರು ಭಾನುವಾರಗಳಿದ್ದವು. ಮೊದಲನೆಯದನ್ನು ಸುಮ್ಮನೆ ಬಿಟ್ಟೆನು; ಅಂದಾಜಿನಿಂದ ಅರ ಹಿಡಿಯುವ ಧೈರ್ಯ ನನಗಿರಲಿಲ್ಲ, ಮೊಮ್ಮಗನು ಓದಲು ಬೇರೆ ಊರಿಗೆ ಹೋಗಿದ್ದನು. ಎರಡನೆಯ ಭಾನುವಾರದ ಹೊತ್ತಿಗೆ ಕರಟದಲ್ಲಿ ಆಹಾರ ಉಳಿಯತೊಡಗಿತು. ಹಕ್ಕಿಯ ಎದೆ ಸಂಜೆ ಮತ್ತೆ ಒದ್ದೆಯಾಗುತ್ತಿತ್ತು.

ರಕ್ತ ಕಂಡ ದಿನದಿಂದ ನನ್ನ ಹೆಂಡತಿ ಈ ಹತ್ತು ನಿಮಿಷದ ಕೆಲಸಕ್ಕೆ ಹತ್ತಿರ ಬಂದವಳಲ್ಲ. ಆ ಹೊತ್ತಿಗೆ ದೇವರ ಮನೆಯಲ್ಲೋ ಬಾವಿಯ ಬಳಿಯೋ ಇರುತ್ತಿದ್ದಳು. ಆ ಬೆಳಗ್ಗೆ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ಬಂದು, ನನ್ನ ಎದುರಿಗೆ ಮಣೆ ಹಾಕಿಕೊಂಡು ಕುಳಿತು, "ನೀವು ಹಿಡ್ಕೊಳ್ಳಿ. ಎಲ್ಲೀವರೆಗೆ ಅಂತ ಹೇಳಿ" ಎಂದಳು.

"ಕೆಂಪು ಎಲ್ಲಿ ನಿಂತಿದೆ, ನೋಡು."

ಟಾರ್ಚನ್ನು ಕತ್ತು ಬಾಗಿಸಿ ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಆಕೆ ಬಹಳ ಹೊತ್ತು ನೋಡಿದಳು. ನನಗೆ ಕಾಣುತ್ತಿದ್ದದ್ದು ಬೆಳಕಿನ ಒಂದು ಮಬ್ಬು ಉಂಡೆ ಮಾತ್ರ. ಆದರೆ ಅಂಗೈಯಲ್ಲಿ ಹಕ್ಕಿಯ ಬಿಸುಪು ಇತ್ತು. ಪಂಚೆಯ ಬಟ್ಟೆಯಾಚೆಗೆ, ಎಣಿಸಲಾಗದಷ್ಟು ವೇಗವಾಗಿ ಅದರ ಎದೆ ಮಿಡಿಯುತ್ತಿತ್ತು. "ಕಂಡಿತು" ಎಂದಳು. ಅರದ ಸದ್ದು ಹತ್ತು ಸಲ, ಬಲದಿಂದ ಎಡಕ್ಕೆ, ಅಕ್ಕಿ ತಿಕ್ಕಿದಷ್ಟು ಮೆಲ್ಲಗೆ ಕೇಳಿತು, ನಿಂತಿತು. ಆರಲೆಂದು ಕಾದೆವು. ಮತ್ತೆ ಹತ್ತು.

ಈಗ ನನ್ನ ಕಣ್ಣು ತಿಳಿಯಾಗಿದೆ. ಗೆರೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ಆದರೆ ಅರವನ್ನು ನಾನು ಹಿಂದಕ್ಕೆ ಕೇಳಿಲ್ಲ, ಆಕೆಯೂ ಕೊಟ್ಟಿಲ್ಲ. ವರ್ತಿಕೆಗೆ ವಯಸ್ಸಾಯಿತು, ಮೊಟ್ಟೆ ಅಪರೂಪವಾಯಿತು. ಕೊಕ್ಕು ಮಾತ್ರ ವಾರವಾರವೂ ಅಷ್ಟೇ ಬೆಳೆಯುತ್ತದೆ. ನಿನ್ನೆ ಭಾನುವಾರ. ಕೆಲಸ ಮುಗಿದ ಮೇಲೆ ಮಡಿಲ ಮೇಲೆ ಹಾಸಿದ್ದ ಕಪ್ಪು ಬಟ್ಟೆಯಲ್ಲಿ ಬಿದ್ದಿದ್ದ ಕೊಕ್ಕಿನ ಹುಡಿಯನ್ನು, ಒಂದು ಚಿಟಿಕೆ ವಿಭೂತಿಯಷ್ಟು ಬಿಳಿಯ ಹುಡಿಯನ್ನು, ಆಕೆ ಜಗಲಿಯ ಅಂಚಿಗೆ ಹೋಗಿ ಕೊಡವಿ ಬಂದಳು. ಅಷ್ಟರಲ್ಲಿ ಹಕ್ಕಿ ಸಿಂಬಿಯ ಮೇಲೆ ಕಾಲೂರಿ ನಿಂತಿತ್ತು.